ತೊಟ್ಟಿಲಲ್ಲಿ ಗುಂಡುಕಲ್ಲು

ಒಂದು ಊರಿನಲ್ಲಿ ದಾಕ್ಷಾಯಿಣಿ ಎಂಬ ಹೆಣ್ಣುಮಗಳಿದ್ದಳು. ಮದುವೆಯಾದ ಹೊಸತರಲ್ಲಿ ಸ್ವಲ್ಪ ಕಾಲ ಮಕ್ಕಳು ಬೇಡವೆಂದು ಅವಳೂ ಗಂಡ ಮಾದೇವನೂ ಮಾತಾಡಿಕೊಂಡಿದ್ದರು. ಅದಕ್ಕಾಗಿ ಅವಳು ಆಸ್ಪತ್ರೆಯಲ್ಲಿ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದಳು. ಮಗು ಬೇಕೆನಿಸಿದಾಗ ನಿಲ್ಲಿಸಿದಳು.

ತಿಂಗಳುಗಳು ಕಳೆದವು. ಮುಟ್ಟು ಬರಲಿಲ್ಲ. ಬಸಿರೇ ಇರಬೇಕೆಂದು ಆಸೆಯಿಂದ ಆಸ್ಪತ್ರೆಗೆ ಹೋದಳು. ನರ್ಸಮ್ಮ ಪರೀಕ್ಷೆ ಮಾಡಿ ಹೇಳಿದರು:

“ಬಸುರಲ್ಲ ಕಣಮ್ಮ. ಔಷಧ ಇನ್ನೂ ಮೈಯಿಂದ ಪೂರ್ತಿ ಇಳಿದಿಲ್ಲ. ಕೆಲವರಿಗೆ ವರ್ಷ ಹಿಡಿಯುತ್ತೆ. ಹೊಟ್ಟೆ ತುಂಬ ಊಟ ಮಾಡು. ಕಾಯಬೇಕು.”

ಕಾಯುವುದು ಅವಳಿಂದಾಗಲಿಲ್ಲ. ಪಕ್ಕದ ಮನೆಯ ಕೆಂಪಮ್ಮ ಬೇಲಿಯಾಚೆಯಿಂದಲೇ ಚುಚ್ಚಿದಳು: “ಬರೋ ಮಗೂನ ಸೂಜಿ ಹಾಕಿಸ್ಕೊಂಡು ಓಡ್ಸಿದ್ಯಲ್ಲೇ, ಈಗ ಕರೆದ್ರೆ ಬತ್ತದಾ?”

ನಾಮಕರಣದ ದಿನ ಮಗುವಿಗಿಂತ ಮೊದಲು ಒರಳಿನ ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸುವುದು ಆ ಕಡೆಯ ಪದ್ಧತಿ. ಮಗು ಕಲ್ಲಿನಂತೆ ಗಟ್ಟಿಯಾಗಿರಲಿ ಎಂಬ ಹಾರೈಕೆ ಅದು. ಮಗುವೇ ಇಲ್ಲದ ಮನೆಯಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ದಾಕ್ಷಾಯಿಣಿ ಮಾಡಿದಳು. ಅಟ್ಟದ ಮೇಲಿದ್ದ ಹಳೆಯ ತೊಟ್ಟಿಲನ್ನಿಳಿಸಿ ಕಟ್ಟಿ, ಗುಂಡುಕಲ್ಲನ್ನು ತೊಳೆದು, ಕುಲಾವಿ ಹಾಕಿ, ಅದರಲ್ಲಿ ಮಲಗಿಸಿ ತೂಗಿದಳು.

ಕೆಲವು ದಿನಗಳಲ್ಲಿ ಕಲ್ಲು ಬೆಚ್ಚಗಾಯಿತು.

ಅವಳು ಯಾರಿಗೂ ಹೇಳಲಿಲ್ಲ. ತನ್ನ ಪಾಲಿನ ಹಾಲನ್ನು ಅದರ ಮೇಲೆ ಹನಿಸಿದಳು. ಹಾಲು ಕಾಣೆಯಾಗುತ್ತಿತ್ತು, ಕೆಳಗಿನ ಬಟ್ಟೆ ಒಣಗಿಯೇ ಇರುತ್ತಿತ್ತು. ಅವಳು ಅಡುಗೆಮನೆಗೆ ಹೋದರೆ ತೊಟ್ಟಿಲ ಹಗ್ಗ ಕಿರುಗುಟ್ಟುತ್ತಿತ್ತು. ಬಂದು ನೋಡಿದರೆ ನಿಲ್ಲುತ್ತಿತ್ತು. ಕುಲಾವಿ ಬಿಗಿಯಾಯಿತು. ದೊಡ್ಡದೊಂದನ್ನು ಹೊಲಿದಳು. ಊಟ ಬಿಟ್ಟಳು. ಗಂಡ ಮಾತಾಡಿಸಿದರೆ, “ಮೆಲ್ಲಗೆ, ಈಗ ತಾನೇ ಮಲಗಿದೆ” ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಅತ್ತೆ ಸಿದ್ದಮ್ಮಣ್ಣಿ ಮಗಳ ಮನೆಯಿಂದ ಹಿಂದಿರುಗಿದರು. ತೊಟ್ಟಿಲಿಗೆ ಕೈ ಹಾಕಿದರು. ಜ್ವರ ಬಂದ ಮಗುವಿನ ಹಣೆಯಂತೆ ಕಲ್ಲು ಸುಡುತ್ತಿತ್ತು. ಆಮೇಲೆ ಸೊಸೆಯ ಕೈ ಹಿಡಿದರು. ಅದು ತಣ್ಣಗೆ ಕೊರೆಯುತ್ತಿತ್ತು.

ಅವರು ಕಲ್ಲನ್ನೆತ್ತಲು ನೋಡಿದರು. ಅಲುಗಲಿಲ್ಲ. ಮಾದೇವನಿಗೂ ಆಗಲಿಲ್ಲ.

“ಇದು ನಿನ್ನ ಕೈಗೇ ಏಳೋದು ಮಗಳೇ,” ಎಂದರು ಅತ್ತೆ. “ಇದರಲ್ಲಿರೋ ಬಿಸಿ ನಿಂದು. ಸೂಜಿ ಯಾವ ಮಗೂನೂ ಓಡಿಸ್ಲಿಲ್ಲ. ಆ ಕೆಂಪಮ್ಮ ಬೀದೀಲಿ ನಂಗೂ ಅದನ್ನೇ ಅಂದ್ಲು, ಅವಳ ಬಾಯಿಗೆ ಬೀಗ ಇಲ್ಲ, ಅಷ್ಟೇ. ತೆಗಿ ಇದನ್ನ.”

“ಮಗು ಬರದೇ ಹೋದ್ರೆ, ಅತ್ತೆ? ಆಗ ನನಗೆ ಇದೂ ಇರಲ್ಲ.”

“ಬರದೇ ಹೋದ್ರೂ ನೀನಿರ್ಬೇಕಲ್ಲ. ನಮಗೆ ನೀನು ಬೇಕು ಕಣೇ.”

ದಾಕ್ಷಾಯಿಣಿ ಬಹಳ ಹೊತ್ತು ತೊಟ್ಟಿಲು ಹಿಡಿದು ನಿಂತಳು. ಕೊನೆಗೆ ಕುಲಾವಿ ಬಿಚ್ಚಿದಳು. ಕಲ್ಲು ಮೊದಲಿನ ಗಾತ್ರಕ್ಕಿಳಿದು ಅವಳ ಕೈಗೆ ಹಗುರವಾಗಿ ಬಂತು. ಅದನ್ನು ಒರಳಿಗಿಟ್ಟಳು. ಅತ್ತೆ ನೆನೆದ ಅಕ್ಕಿ ಸುರಿದರು.

ಮೊದಲ ಸುತ್ತಿಗೇ ಕಲ್ಲಿನೊಳಗಿಂದ ಸಣ್ಣ ಅಳು ಕೇಳಿತು. ಅವಳ ಕೈ ನಿಂತಿತು. ಅತ್ತೆ ತಮ್ಮ ಕೈಯನ್ನು ಅವಳ ಕೈ ಮೇಲಿಟ್ಟರು, ಒತ್ತಲಿಲ್ಲ. ಅವಳೇ ಮತ್ತೆ ತಿರುಗಿಸಿದಳು. ಹಿಟ್ಟು ನುಣ್ಣಗಾಗುವ ಹೊತ್ತಿಗೆ ಅಳು ಅಡಗಿತ್ತು. ಅವಳ ಕೆನ್ನೆ ಒದ್ದೆಯಾಗಿತ್ತು, ಅಂಗೈ ಬೆಚ್ಚಗಾಗಿತ್ತು.

“ಹಸಿವಾಗ್ತಿದೆ ಅತ್ತೆ,” ಎಂದಳು.

ನೀತಿ: ಮೈ ತನ್ನ ಕಾಲಕ್ಕೆ ತಾನು ಮರಳುತ್ತದೆ, ಅದಕ್ಕೆ ಊಟ ಬೇಕು, ಬೈಗುಳ ಬೇಡ. ಇನ್ನೂ ಬಾರದವರಿಗಾಗಿ ಕಾಯುವಾಗ, ಇರುವವರನ್ನು ಕಳೆದುಕೊಳ್ಳಬಾರದು. ಆ ಇರುವವರಲ್ಲಿ ಕಾಯುತ್ತಿರುವವಳೂ ಒಬ್ಬಳು.