ಕೋಣನ ಕೊರಳ ಗಂಟೆ

ಎಮ್ಮೆಗಳ ಹಿಂಡೊಂದರಲ್ಲಿ ಗಂಟೆ ಕಟ್ಟಿಕೊಂಡವರ ಹಿಂದೆಯೇ ಎಲ್ಲರೂ ನಡೆಯಬೇಕೆಂಬ ಕಟ್ಟಳೆಯಿತ್ತು. ಗಂಟೆ ಇದ್ದದ್ದು ಹಿರಿಯ ಕೋಣನ ಕೊರಳಲ್ಲಿ. ಹೊಳೆ ದಾಟಿಸುವ ಹೊಣೆಯನ್ನು ಮಾತ್ರ ಅವನು ಚೌರಿ ಎಂಬ ಎಮ್ಮೆಗೆ ವಹಿಸಿದ್ದ. ಕಳೆದ ಸಲ ಚೌರಿ ಆಳವಿಲ್ಲದ ಜಾಗವನ್ನೇ ತೋರಿಸಿದ್ದಳು. ಕೋಣ ನಡುನೀರಿನಲ್ಲಿ ಮನಸ್ಸು ಬದಲಿಸಿ ಮಡುವಿನತ್ತ ತಿರುಗಿದ. ಗಂಟೆಯ ಹಿಂದೆ ಹೋದ ಹಿಂಡು ನೀರು ಕುಡಿದು ಹೇಗೋ ಪಾರಾಯಿತು. ಬೈಗುಳವೆಲ್ಲ ಚೌರಿಯ ಪಾಲಿಗೆ ಬಂತು.

ಈ ಸಲ ಹೊಳೆ ತುಂಬಿತ್ತು, ಬೆನ್ನ ಹಿಂದೆ ಹುಲಿಯ ವಾಸನೆಯಿತ್ತು.

“ಚೌರಿ, ಬೇಗ ದಾಟಿಸು. ಎಡವಟ್ಟಾದರೆ ನೀನೇ ಜವಾಬ್ದಾರಿ,” ಎಂದ ಕೋಣ.

ಚೌರಿ ಕದಲಲಿಲ್ಲ. “ಗಂಟೆ ನಿಮ್ಮ ಕೊರಳಿಗೆ, ತಪ್ಪು ನನ್ನ ತಲೆಗೆ. ಇದು ಇನ್ನು ನಡೆಯುವುದಿಲ್ಲ, ಯಜಮಾನರೇ. ಗಂಟೆ ಕೊಡಿ, ಇಲ್ಲವೇ ಹೊಣೆಯನ್ನೂ ನೀವೇ ಇಟ್ಟುಕೊಳ್ಳಿ.”

ಹುಲಿ ಗರ್ಜಿಸಿತು. ಕೋಣ ತಲೆ ತಗ್ಗಿಸಿದ. ಗಂಟೆಯ ಹಗ್ಗ ಜಾರಿ ಚೌರಿಯ ಕೊರಳು ಸೇರಿತು. ಅವಳು ಹಿಂದಿರುಗಿ ನೋಡದೆ ನೀರಿಗಿಳಿದಳು. ಆ ಸದ್ದನ್ನೇ ಹಿಡಿದು ಎಳೆಗರುಗಳ ಸಮೇತ ಇಡೀ ಹಿಂಡು ಆಚೆ ದಡ ಹತ್ತಿತು. ಹುಲಿ ಈಚೆ ದಡದಲ್ಲೇ ನಿಂತು ಬಾಲ ಬಡಿಯಿತು.

“ಭೇಷ್! ಇನ್ನು ಗಂಟೆ ಕೊಡು,” ಎಂದ ಕೋಣ.

“ಮುಂದಿರುವುದು ಗುಡ್ಡ. ಅಲ್ಲಿನ ದಾರಿ ಬಲ್ಲವಳು ಬೋರಿ,” ಎಂದು ಚೌರಿ ಗಂಟೆಯನ್ನು ಬೋರಿ ಎಮ್ಮೆಯ ಕೊರಳಿಗೆ ಹಾಕಿದಳು.

“ಅವಳು ದಾರಿ ತಪ್ಪಿದರೆ?”

“ಕೊಟ್ಟವಳು ನಾನು. ಮೊದಲು ನನ್ನನ್ನೇ ಕೇಳಿ.”

ಗುಡ್ಡದ ದಾರಿಯಲ್ಲಿ ಗಂಟೆ ಮೊಳಗಿತು. ಕೋಣನೂ ಅದರ ಹಿಂದೆಯೇ ನಡೆದ.