ಒಡೆಯದ ಕಡಲೆಕಾಯಿ

ಆಲದ ಮರದಡಿಯ ಕಾಲೇಜಿನಲ್ಲಿ ಆನೆ ಮೇಷ್ಟ್ರು ಪಾಠಕ್ಕೊಂದು ಕಡಲೆಕಾಯಿ ಕೊಡುತ್ತಿದ್ದರು. ಎಂಥ ಕಡಲೆಕಾಯಿ ಅಂತೀರಿ, ಒಂದೊಂದೂ ಬದನೆಕಾಯಿ ಗಾತ್ರ! ಚೆಲುವಯ್ಯನೆಂಬ ಕೋತಿ ತನಗೆ ಕೊಟ್ಟದ್ದನ್ನೆಲ್ಲ ಪೊಟರೆಗೆ ಎಸೆದು ವರ್ಷವೆಲ್ಲ ಜೋಕಾಲಿಯಾಡಿದ. ಎಮ್ಮೆ ಕಾಳವ್ವ ಮಾತ್ರ ಅಂದಂದಿನದನ್ನು ಅಂದೇ ಒಡೆದು ತಿಂದು, ಮಲಗಿದಲ್ಲೂ ಮೆಲುಕು ಹಾಕುತ್ತಿದ್ದಳು.

"ಏನೇ ಕಾಳಿ, ನಿನ್ನೆ ನುಂಗಿದ್ದನ್ನೇ ಇವತ್ತೂ ಅಗೀತೀಯಾ? ನನ್ನದೆಲ್ಲ ಪರೀಕ್ಷೆ ದಿನ ಒಂದೇ ಏಟಿಗೆ!" ಎಂದು ಚೆಲುವಯ್ಯ ಹಲ್ಲು ಕಿಸಿದ.

ಪರೀಕ್ಷೆಯ ಬೆಳಿಗ್ಗೆ ಅವನು ಪೊಟರೆಯದನ್ನೆಲ್ಲ ಕೆನ್ನೆಗೆ ತುರುಕಿಕೊಂಡ. ಕೆನ್ನೆ ಎಷ್ಟು ಊದಿತೆಂದರೆ ಹುಟ್ಟಿದ ಸೂರ್ಯನೇ ಅದರ ಮರೆಗೆ ಬಿದ್ದ. ಪಾಸಾದರೆ ಅವನೇ ಹಿಂಡಿನ ಮುಂದಾಳು. "ನೋಡ್ರೇ, ನನ್ನ ಮಗ ಎಷ್ಟು ಓದಿದ್ದಾನೆ!" ಎಂದು ತಾಯಿ ಕೊಂಬೆಕೊಂಬೆಗೂ ಸಾರಿದಳು.

ಮೇಷ್ಟ್ರು ಕೇಳಿದ್ದು ಇಷ್ಟೇ: "ಕಾಯಿಯೊಳಗೆ ಏನಿದೆ, ರುಚಿ ಹೇಗಿದೆ?"

ಚೆಲುವಯ್ಯ ಬಾಯಿ ತೆರೆದ. ಕಾಯಿಗಳು ದಡದಡ ಉದುರಿದವು, ಒಂದೂ ಒಡೆದಿರಲಿಲ್ಲ. ಮೇಷ್ಟ್ರು ಒಂದನ್ನು ಸೊಂಡಿಲಲ್ಲಿ ಎತ್ತಿ ನೋಡಿದರು.

"ಮಗಾ, ನಾನು ಕೊಟ್ಟ ಹಾಗೇ ವಾಪಸ್ ಕೊಟ್ಟೆಯಲ್ಲೋ. ಇದಕ್ಕೇ ಬಾಯಿಪಾಠ ಅನ್ನೋದು. ಬಾಯಿಂದ ಕೆಳಗೆ ಇಳಿದೇ ಇಲ್ಲ."

ಕಾಳವ್ವ ಮೆಲ್ಲಗೆ ಹೇಳಿದಳು: "ಬೀಜ ಇದೆ ಸಾರ್. ಸಿಹಿ. ಮುಗ್ಗಿದ್ದರೆ ಕಹಿ."

ಕೊಂಬೆಯ ಮೇಲೆ ತಾಯಿಯ ದನಿ ನಿಂತುಹೋಯಿತು. ಬೈದಿದ್ದರೂ ಅವನಿಗೆ ಅಷ್ಟು ಚುಚ್ಚುತ್ತಿರಲಿಲ್ಲ. ಮುಖ ಅಂಡಿಗಿಂತ ಕೆಂಪಾಯಿತು. ಎಲ್ಲರಿಗೂ ಬೆನ್ನು ಮಾಡಿ, ಒಂದು ಕಾಯಿ ಹೆಕ್ಕಿ, ಮೊದಲ ಸಲ ಸಿಪ್ಪೆ ಒಡೆದ. ವರ್ಷವೆಲ್ಲ ಪೊಟರೆಯಲ್ಲಿ ಕೂತ ಬೀಜ ಮುಗ್ಗಿಹೋಗಿತ್ತು. ಬಾಯೆಲ್ಲ ಕಹಿಯಾದರೂ ಉಗುಳದೆ, ತಲೆ ತಗ್ಗಿಸಿ, ನಿಧಾನವಾಗಿ ಅಗಿದ.