ಒಂಟಿಕಾಲಿನ ಸಭೆ

ಹತ್ತಿರ ಬನ್ನಿ ಮಕ್ಕಳೇ. ಒಂದು ದೊಡ್ಡ ಕೆರೆ. ಆ ಕೆರೆಯೇ ಒಂದು ರಾಜ್ಯ. ಅದಕ್ಕೆ ಧವಳರಾಯ ಅನ್ನೋ ಕೊಕ್ಕರೆ ರಾಜ. ಒಳ್ಳೆಯವನೇ, ಆದರೆ ಹಿತ್ತಾಳೆ ಕಿವಿ. ಮಂತ್ರಿ ಚುಂಚಪ್ಪನೂ ಕೊಕ್ಕರೆ, ಸಭೆಯಲ್ಲಿ ಇದ್ದವರೆಲ್ಲ ಅವನ ಭಾವಮೈದುನರು. ಒಂಟಿಕಾಲಲ್ಲಿ ನಿಲ್ಲಬಲ್ಲವರಿಗೆ ಮಾತ್ರ ಸಭೆಯಲ್ಲಿ ಜಾಗ ಅಂತ ಕಾನೂನು ಮಾಡಿದವನೂ ಅವನೇ. ಆಮೆ, ಕಪ್ಪೆ, ಮೀನು ಎಲ್ಲ ಹೊರಗೆ!

ಒಂದು ದಿನ ಚುಂಚಪ್ಪ ಅಂದ, "ಪ್ರಭು, ಏರಿ ಒಡೆದು ಸ್ವಲ್ಪ ನೀರು ಬಿಡೋಣ. ಮೀನು ಸಲೀಸಾಗಿ ಕೊಕ್ಕಿಗೆ ಸಿಗುತ್ತೆ."

"ಭೇಷ್!" ಅಂದರು ಭಾವಮೈದುನರು.

ಆಮೆ ಚಿಪ್ಪವ್ವ ಓಡಿ ಬಂದಳು. ಆಮೆ ಓಡುತ್ತಾ ಅಂತ ನಗಬೇಡಿ, ಹೊಟ್ಟೆಗೆ ಬೆಂಕಿ ಬಿದ್ದಾಗ ಆಮೆಯೂ ಓಡುತ್ತೆ. "ಬೇಡ ಪ್ರಭು! ಕೆರೆ ಬತ್ತಿದರೆ ನನ್ನ ಮರಿಗಳು ಉಳಿಯಲ್ಲ. ಆಮೇಲೆ ನಿಮಗೂ ಮೀನಿರಲ್ಲ."

"ಮೊದಲು ಒಂಟಿಕಾಲಲ್ಲಿ ನಿಲ್ಲು," ಅಂದ ಚುಂಚಪ್ಪ. ನಿಲ್ಲಲು ಹೋಗಿ ಅಂಗಾತ ಬಿದ್ದಳು. ಸಭೆ ಗೊಳ್ಳೆಂದು ನಕ್ಕಿತು. ಏರಿ ಒಡೆದರು, ನೀರು ಹರಿದುಹೋಯಿತು.

ಎರಡನೇ ಸಲವೂ ಬಂದಳು. ಬಿದ್ದಳು. ನಕ್ಕರು. ಇನ್ನಷ್ಟು ನೀರು ಬಿಟ್ಟರು, ಕೆರೆ ಅರ್ಧಕ್ಕಿಳಿಯಿತು.

ಮೂರನೇ ಸಲ ನೀರು ಬಿಟ್ಟಾಗ ಕೆರೆಯ ನಡುವೆಯೂ ಕಾಲು ಮುಳುಗುವಷ್ಟೇ ನೀರು ಉಳಿಯಿತು. ಆಗ ಚಿಪ್ಪವ್ವ ಬೇಡ ಅನ್ನಲಿಲ್ಲ. "ಈ ಸಲ ಸಭೆ ಕೆರೆಯ ನಟ್ಟನಡುವೆ ಸೇರಲಿ ಪ್ರಭು. ಅಲ್ಲಿ ಮೀನು ಕಾಲಬುಡಕ್ಕೇ ಬರುತ್ತೆ," ಅಂದಳು. ಚುಂಚಪ್ಪನ ಬಾಯಲ್ಲಿ ನೀರೂರಿತು. ದಡದಲ್ಲೇ ನಿಂತು ಬಾಳಿದವರಿಗೆ ನಡುವಿನ ಹೂಳು ಎಷ್ಟು ಆಳ ಅಂತ ಏನು ಗೊತ್ತು?

ರಾಜ, ಮಂತ್ರಿ, ಭಾವಮೈದುನರು ಎಲ್ಲ ಹೋಗಿ ಒಂಟಿಕಾಲಲ್ಲಿ ನಿಂತರು. ಕಾಲು ಹೂಳಿಗೆ ಇಳಿಯಿತು. ಇನ್ನೊಂದು ಕಾಲು ಊರಿದರು, ಅದೂ ಇಳಿಯಿತು. ರೆಕ್ಕೆ ಬಡಿದರು, ರೆಕ್ಕೆಗೂ ಕೆಸರು ಮೆತ್ತಿತು.

"ಏನು ಮಾಡೋಣ ಚುಂಚಪ್ಪ?" ಅಂದ ರಾಜ. ಚುಂಚಪ್ಪ ಭಾವಮೈದುನರ ಮುಖ ನೋಡಿದ. ಅವರು ಅವನ ಮುಖ ನೋಡಿದರು. ಪಾಪ, ಅವರಿಗೆ ಬರುತ್ತಿದ್ದದ್ದು ಭೇಷ್ ಅನ್ನೋದು ಮಾತ್ರ.

"ಒಂಟಿಕಾಲಲ್ಲಿ ನಿಲ್ಲದವರು ಈಗ ಮಾತಾಡಬಹುದಾ ಪ್ರಭು?" ಕೇಳಿದಳು ಚಿಪ್ಪವ್ವ.

"ಮಾತಾಡು ತಾಯಿ!"

"ಏರಿ ಮುಚ್ಚಿಸಿ. ಸಭೆಯಲ್ಲಿ ನಮಗೂ ಜಾಗ ಕೊಡಿ."

ರಾಜ ಒಪ್ಪಿದ. ಕಪ್ಪೆಗಳು ಕೆಸರು ಕೆದಕಿ ಕಾಲು ಬಿಡಿಸಿದವು. ಆಮೆಗಳು ಸಾಲಾಗಿ ಬೆನ್ನು ಕೊಟ್ಟವು. ಆ ಬೆನ್ನುಗಳ ಮೇಲೆ ಹೆಜ್ಜೆಯಿಟ್ಟು ದಡ ಸೇರಿದ ರಾಜನ ಕಣ್ಣು ತುಂಬಿ ಬಂತು.

"ನೀನು ಬಿದ್ದಾಗ ನಾನೂ ನಕ್ಕಿದ್ದೆ ಚಿಪ್ಪವ್ವ. ನಾನು ಬಿದ್ದಾಗ ನೀನು ಬೆನ್ನು ಕೊಟ್ಟೆ. ನಿನ್ನ ಋಣ ತೀರಿಸಲಾರೆ," ಅಂತ ತಲೆಬಾಗಿದ.

ಕೊನೆಗೆ ಹೊರಬಂದ ಚುಂಚಪ್ಪನ ಮಂತ್ರಿಗಿರಿ ಹೋಯಿತು. ತಾನು ಒಡೆಸಿದ ಏರಿಗೆ ತನ್ನ ಕೊಕ್ಕಿನಲ್ಲೇ ಮಣ್ಣು ತಂದು ಮೆತ್ತಿದ. ಮಳೆ ಬಂತು, ಕೆರೆ ತುಂಬಿತು, ಚಿಪ್ಪವ್ವನ ಮರಿಗಳು ಈಜಾಡಿದವು. ಹೊಸ ಸಭೆಗೆ ಆಮೆ, ಕಪ್ಪೆ, ಕೊನೆಗೆ ಮೀನೂ ಬಂತು. ಸಭೆ ನಡೆಯುವಾಗ ಸದಸ್ಯರನ್ನು ತಿನ್ನಬಾರದು ಅನ್ನೋ ಮೊದಲ ಕಾನೂನು ಮೀನಿನದೇ!

ಕೇಳಿದಿರಾ? ಒಂದೇ ಥರದವರು ಸೇರಿದ ಸಭೆಗೆ ತನ್ನ ಹೊಟ್ಟೆ ಮಾತ್ರ ಕಾಣುತ್ತೆ. ಎಲ್ಲ ಥರದವರೂ ಸೇರಿದರೆ ಇಡೀ ಕೆರೆ ಕಾಣುತ್ತೆ. ನಿಮ್ಮ ಮುಖದ ಮೇಲೇ ಬೇಡ ಅಂತ ಹೇಳೋ ಧೈರ್ಯ ಇರೋರು ಸಿಕ್ಕರೆ, ಮಕ್ಕಳೇ, ಕೈಮುಗಿದು ಪಕ್ಕದಲ್ಲೇ ಕೂರಿಸಿಕೊಳ್ಳಿ.